ಸಾಕಿದ ಆಮೆಗೆ ಹೊಟ್ಟೆಹುಳು: ಮನೆಯಲ್ಲಿ ಏನು ಮಾಡಬಹುದು, ಏನು ಮಾಡಬಾರದು? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಬರೆದಿರುವುದು ನೆಲದ ಮೇಲೆ ಓಡಾಡುವ, ಸೊಪ್ಪು ಹುಲ್ಲು ತಿನ್ನುವ ಆಮೆಗಳ ಬಗ್ಗೆ. ನೀರಲ್ಲಿ ಬದುಕುವ ಆಮೆಗಳಿಗೆ ಬರುವ ಹುಳುಗಳು ಸ್ವಲ್ಪ ಬೇರೆ, ಅವುಗಳ ಚಿಕಿತ್ಸೆಯೂ ಬೇರೆ. ಪೂರ್ತಿ ಓದುವಷ್ಟು ಪುರುಸೊತ್ತು ಇಲ್ಲದಿದ್ದರೆ ಒಂದು ಮಾತು ಮಾತ್ರ ಓದಿಕೊಂಡು ಹೋಗಿ: ಆಮೆಗೆ ಐವರ್ಮೆಕ್ಟಿನ್ ಅನ್ನುವ ಹುಳುವಿನ ಔಷಧಿ ಕೊಡಬೇಡಿ. ಯಾರು ಹೇಳಿದರೂ ಕೊಡಬೇಡಿ. ಯಾಕೆ ಅಂತ ಕೆಳಗಿದೆ.

ಮಲದಲ್ಲಿ ಬಿಳಿ ಹುಳು ಕಾಣಿಸಿತು. ಇವತ್ತೇ ಔಷಧಿ ಹಾಕಬೇಕಾ?

ಬೇಡ. ಆಮೆ ಚೆನ್ನಾಗಿ ತಿನ್ನುತ್ತಿದೆ, ಓಡಾಡುತ್ತಿದೆ ಅಂದರೆ ಎರಡು ಮೂರು ದಿನ ತಡವಾದರೂ ಏನೂ ಆಗುವುದಿಲ್ಲ. ಗಾಬರಿಯಲ್ಲಿ ಕೈಗೆ ಸಿಕ್ಕಿದ ಔಷಧಿ ಹಾಕುವುದರಿಂದ ಆಗುವ ಹಾನಿ ಹುಳುವಿನಿಂದ ಆಗುವ ಹಾನಿಗಿಂತ ಜಾಸ್ತಿ.

ಮೊದಲು ಅದು ನಿಜವಾಗಿ ಹುಳುವೇನಾ ಅಂತ ನೋಡಿ. ಆಮೆ ಮೂತ್ರದ ಜೊತೆ ಬಿಳಿ ಪೇಸ್ಟ್ ತರಹದ ವಸ್ತು ಹೊರಗೆ ಹಾಕುತ್ತದೆ. ಅದು ಯೂರಿಕ್ ಆಮ್ಲದ ಲವಣ, ಹುಳುವಿಗೂ ಅದಕ್ಕೂ ಸಂಬಂಧವಿಲ್ಲ. ಜೀರ್ಣವಾಗದ ಹುಲ್ಲಿನ ನಾರು ಕೂಡ ಸಣ್ಣ ಹುಳುವಿನ ಹಾಗೆಯೇ ಕಾಣುತ್ತದೆ. ಇನ್ನು ಹೊರಗಡೆ ಕೆಲವು ಗಂಟೆ ಬಿದ್ದಿದ್ದ ಮಲದಲ್ಲಿ ಹರಿದಾಡುವ ಹುಳು ನೊಣದ ಮರಿಯೂ ಆಗಿರಬಹುದು. ಅದು ಆಮೆಯ ಹೊಟ್ಟೆಯಿಂದ ಬಂದದ್ದಲ್ಲ, ಆಮೇಲೆ ನೊಣ ಮೊಟ್ಟೆ ಇಟ್ಟು ಆದದ್ದು. ಆಗ ತಾನೇ ಹಾಕಿದ ಮಲವನ್ನು ಒಂದು ಬಿಳಿ ತಟ್ಟೆಯಲ್ಲಿ ಸ್ವಲ್ಪ ಬೆಚ್ಚಗಿನ ನೀರಿನ ಜೊತೆ ಕದಡಿ ನೋಡಿ. ಎರಡೂ ತುದಿ ಚೂಪಾಗಿ, ಕೆಲವೇ ಮಿಲಿಮೀಟರ್ ಉದ್ದದ ಬಿಳಿ ಎಳೆ ಅಲ್ಲಾಡುತ್ತಿದ್ದರೆ ಅದು ಬಹುತೇಕ ಪಿನ್‌ವರ್ಮ್. ಹಲವು ಸೆಂಟಿಮೀಟರ್ ಉದ್ದ ಇದ್ದು, ದಪ್ಪ ದಾರದ ಹಾಗೆ ಗಟ್ಟಿಯಾಗಿದ್ದರೆ ಅದು ದುಂಡುಹುಳು. ಸಿಕ್ಕಿದ ಹುಳುವನ್ನು ಎಸೆಯಬೇಡಿ. ಒಂದು ಚಿಕ್ಕ ಡಬ್ಬಿಯಲ್ಲಿ ಸ್ವಲ್ಪ ಸ್ಪಿರಿಟ್ ಹಾಕಿ ಅದರಲ್ಲಿ ಇಡಿ, ಒಂದು ಫೋಟೊ ಕೂಡ ತೆಗೆದುಕೊಳ್ಳಿ. ನಾಳೆ ಡಾಕ್ಟರಿಗೆ ಬಾಯಲ್ಲಿ ವಿವರಿಸುವುದಕ್ಕಿಂತ ತೋರಿಸುವುದು ಸುಲಭ.

ಹೊಟ್ಟೆಯಲ್ಲಿ ಒಂದೂ ಹುಳು ಇರಬಾರದು ಅಲ್ವಾ?

ನಾಯಿ ಬೆಕ್ಕು ಸಾಕಿ ಅಭ್ಯಾಸ ಇರುವವರಿಗೆ ಹಾಗನ್ನಿಸುವುದು ಸಹಜ. ಆಮೆಯ ವಿಷಯದಲ್ಲಿ ಇದು ನಿಜವಲ್ಲ. ಸಸ್ಯಾಹಾರಿ ಆಮೆಯ ದೊಡ್ಡ ಕರುಳಲ್ಲಿ ನಾರನ್ನು ಹುದುಗಿಸುವ ದೊಡ್ಡ ಜೀವಲೋಕವೇ ಇದೆ. ಬ್ಯಾಕ್ಟೀರಿಯಾ, ಏಕಕೋಶ ಜೀವಿಗಳು, ಜೊತೆಗೆ ಪಿನ್‌ವರ್ಮ್‌ಗಳು. ಕಾಡಿನಲ್ಲಿ ಪೂರ್ತಿ ಆರೋಗ್ಯವಾಗಿರುವ ಆಮೆಗಳ ಹೊಟ್ಟೆಯಲ್ಲೂ ಪಿನ್‌ವರ್ಮ್ ಇರುವುದು ಮಾಮೂಲು. ಕಡಿಮೆ ಸಂಖ್ಯೆಯಲ್ಲಿದ್ದರೆ ಇವು ಕರುಳಲ್ಲಿರುವ ನಾರಿನ ಗುಡ್ಡೆಯನ್ನು ಕಲಕುತ್ತಾ ಇದ್ದು, ಜೀರ್ಣಕ್ರಿಯೆಗೆ ಸ್ವಲ್ಪ ಸಹಾಯ ಮಾಡುತ್ತವೆ ಅಂತ ನಂಬುವ ತಜ್ಞರೂ ಇದ್ದಾರೆ.

ತೊಂದರೆ ಶುರುವಾಗುವುದು ಸಂಖ್ಯೆ ಏರಿದಾಗ. ಕಾಡಿನ ಆಮೆ ಹತ್ತಾರು ಎಕರೆ ತಿರುಗುತ್ತದೆ, ತಾನು ಹಾಕಿದ ಮಲದ ಹತ್ತಿರ ಮತ್ತೆ ಬರುವುದೇ ಅಪರೂಪ. ನಮ್ಮ ಮನೆಯ ಆಮೆ ಇರುವುದು ಒಂದು ಪೆಟ್ಟಿಗೆಯಲ್ಲಿ ಅಥವಾ ಚಿಕ್ಕ ಅಂಗಳದಲ್ಲಿ. ಅಲ್ಲೇ ಮಲ, ಅಲ್ಲೇ ಊಟ. ಹುಳುವಿನ ಮೊಟ್ಟೆ ಮಲದಲ್ಲಿ ಬಂದು, ಮಣ್ಣಲ್ಲಿ ಬೆಳೆದು, ಸೊಪ್ಪಿಗೆ ಅಂಟಿಕೊಂಡು ಮತ್ತೆ ಹೊಟ್ಟೆಗೆ ಹೋಗುತ್ತದೆ. ಈ ಸುತ್ತು ದಿನದಿಂದ ದಿನಕ್ಕೆ ಲೆಕ್ಕ ಏರಿಸುತ್ತಾ ಹೋಗುತ್ತದೆ. ಹಾಗಾಗಿ ನಮ್ಮ ಕೆಲಸ ಹುಳುವನ್ನು ಸೊನ್ನೆ ಮಾಡುವುದಲ್ಲ, ಈ ಸುತ್ತನ್ನು ಮುರಿಯುವುದು. ಔಷಧಿ ಅದರಲ್ಲಿ ಒಂದು ಪಾಲು, ದೊಡ್ಡ ಪಾಲು ಕೂಡ ಅಲ್ಲ.

ಯಾವ ಯಾವ ಪರಾವಲಂಬಿಗಳು ಬರುತ್ತವೆ? ಎಲ್ಲಕ್ಕೂ ಒಂದೇ ಔಷಧಿನಾ?

ಅಲ್ಲ, ಅಲ್ಲೇ ಇರುವುದು ಸಮಸ್ಯೆ. ಪಿನ್‌ವರ್ಮ್ ಮತ್ತು ದುಂಡುಹುಳು ಎರಡೂ ನಿಜವಾದ ಹುಳುಗಳು, ಇವಕ್ಕೆ ಜಂತುಹುಳುವಿನ ಔಷಧಿ ಕೆಲಸ ಮಾಡುತ್ತದೆ. ಇವೆರಡರಲ್ಲಿ ದುಂಡುಹುಳುವಿಗೆ ಹೆಚ್ಚು ಹೆದರಬೇಕು, ಏಕೆಂದರೆ ಅದು ದೊಡ್ಡದು, ಜಾಸ್ತಿಯಾದರೆ ಕರುಳನ್ನೇ ಕಟ್ಟಿಹಾಕಬಹುದು.

ಇನ್ನೊಂದು ಗುಂಪು ಕಣ್ಣಿಗೆ ಕಾಣದ ಏಕಕೋಶ ಜೀವಿಗಳದ್ದು. ಬಾಲದಂತಹ ಎಳೆ ಬೀಸುತ್ತಾ ಈಜುವ ಫ್ಲ್ಯಾಜೆಲೇಟ್‌ಗಳು, ಮೈತುಂಬ ರೋಮವಿರುವ ಬ್ಯಾಲಂಟಿಡಿಯಂ, ಕಾಕ್ಸಿಡಿಯಾ, ಕ್ರಿಪ್ಟೋಸ್ಪೋರಿಡಿಯಂ, ಅಮೀಬಾ. ಜಂತುಹುಳುವಿನ ಔಷಧಿ ಇವನ್ನು ಮುಟ್ಟುವುದೂ ಇಲ್ಲ ಅಂತಲೇ ಇಟ್ಟುಕೊಳ್ಳಿ. ಫ್ಲ್ಯಾಜೆಲೇಟ್ ಮತ್ತು ಬ್ಯಾಲಂಟಿಡಿಯಂ ಸ್ವಲ್ಪ ಇದ್ದರೆ ಅದು ಮಾಮೂಲು. ಕಾಕ್ಸಿಡಿಯಾದಲ್ಲಿ ಜೀವಕೋಶದ ಕೇಂದ್ರದೊಳಗೇ ಸೇರಿಕೊಳ್ಳುವ ಒಂದು ಬಗೆ ಇದೆ, ಅದು ಆಮೆಯನ್ನು ಕೊಲ್ಲುವಷ್ಟು ಕೆಟ್ಟದ್ದು. ಕ್ರಿಪ್ಟೋಸ್ಪೋರಿಡಿಯಂ ಬಂದರೆ ಪೂರ್ತಿ ಗುಣಪಡಿಸುವುದು ಬಹಳ ಕಷ್ಟ. ಇವನ್ನು ಮನೆಯಲ್ಲಿ ಕೂತು ಪತ್ತೆ ಮಾಡಲು ಆಗುವುದೇ ಇಲ್ಲ.

ಹುಳು ಜಾಸ್ತಿಯಾಗಿದೆ ಅಂತ ಗೊತ್ತಾಗುವುದು ಹೇಗೆ?

ಎಷ್ಟೋ ಸಲ ಗೊತ್ತಾಗುವುದೇ ಇಲ್ಲ. ಆಮೆ ತನ್ನ ಕಾಯಿಲೆಯನ್ನು ತಿಂಗಳುಗಟ್ಟಲೆ ಮುಚ್ಚಿಟ್ಟುಕೊಳ್ಳುವ ಪ್ರಾಣಿ. ಕಾಣುವಂತಹ ಲಕ್ಷಣ ಅಂದರೆ ಮಲ ತೆಳ್ಳಗಾಗುವುದು, ಕೆಟ್ಟ ವಾಸನೆ, ಲೋಳೆ, ತಿಂದ ಸೊಪ್ಪು ಹಾಗೇ ಹೊರಗೆ ಬರುವುದು, ಹಸಿವು ಕಡಿಮೆಯಾಗುವುದು, ಚೆನ್ನಾಗಿ ತಿಂದರೂ ತೂಕ ಏರದಿರುವುದು, ಮರಿಯಾದರೆ ಬೆಳವಣಿಗೆ ನಿಂತುಹೋಗುವುದು.

ಆದರೆ ಇವೇ ಲಕ್ಷಣಗಳು ಹಣ್ಣು ಜಾಸ್ತಿ ತಿಂದಾಗಲೂ, ಜಾಗ ತಣ್ಣಗಿದ್ದಾಗಲೂ ಬರುತ್ತವೆ. ತೆಳು ಮಲ ಅಂತ ಬರೆಯುವವರನ್ನು ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ: ಏನು ತಿನ್ನಿಸಿದ್ದೀರಿ, ಮೈ ಕಾಯಿಸುವ ದೀಪದ ಕೆಳಗೆ ಎಷ್ಟು ಡಿಗ್ರಿ ಇದೆ? ಉತ್ತರ ಬಂದಮೇಲೆ ಹುಳುವಿನ ಮಾತೇ ಬೇಡ ಅನ್ನಿಸುವುದು ಸಾಮಾನ್ಯ. ಸಕ್ಕರೆ ಅಂಶ ಕರುಳಿಗೆ ಹೋದರೆ ಅಲ್ಲಿನ ಏಕಕೋಶ ಜೀವಿಗಳು ಒಂದೇ ಸಮನೆ ಹೆಚ್ಚಾಗುತ್ತವೆ. ಹಣ್ಣು ನಿಲ್ಲಿಸಿ, ಹುಲ್ಲು ಮತ್ತು ನಾರಿನ ಸೊಪ್ಪಿಗೆ ಮರಳಿದರೆ ಎಷ್ಟೋ ಸಲ ಮಲ ತಾನಾಗಿಯೇ ಗಟ್ಟಿಯಾಗುತ್ತದೆ. ಕಾಡಿನಲ್ಲೂ ಹಣ್ಣು ತಿಂದು ಬದುಕುವ ಕೆಲವು ಕಾಡಾಮೆ ಜಾತಿಗಳಿಗೆ ಈ ಮಾತು ಅಷ್ಟಾಗಿ ಅನ್ವಯಿಸುವುದಿಲ್ಲ.

ಮಲ ಪರೀಕ್ಷೆ ಮಾಡಿಸಲೇಬೇಕಾ? ಸುಮ್ನೆ ಒಂದು ಡೋಸ್ ಕೊಟ್ಟರೆ ಆಗಲ್ವಾ?

ಪರೀಕ್ಷೆ ಮಾಡಿಸಲೇಬೇಕು. ಮೇಲೆ ಹೇಳಿದ ಎರಡು ಗುಂಪುಗಳಲ್ಲಿ ಯಾವುದು ಅಂತ ಗೊತ್ತಿಲ್ಲದೆ ಕೊಟ್ಟ ಔಷಧಿ ಕತ್ತಲಲ್ಲಿ ಕಲ್ಲು ಎಸೆದ ಹಾಗೆ. ಇನ್ನೊಂದು ಕಾರಣವೂ ಇದೆ. ಮೊದಲೇ ಎಷ್ಟು ಮೊಟ್ಟೆ ಇತ್ತು ಅಂತ ಗೊತ್ತಿಲ್ಲದಿದ್ದರೆ, ಔಷಧಿ ಕೆಲಸ ಮಾಡಿತಾ ಇಲ್ಲವಾ ಅಂತ ಆಮೇಲೆ ಯಾವುದಕ್ಕೆ ಹೋಲಿಸಿ ಹೇಳುತ್ತೀರಿ?

ನಿಮ್ಮ ಹತ್ತಿರ ಆಮೆ ನೋಡುವ ಪಶುವೈದ್ಯರು ಇಲ್ಲದಿದ್ದರೂ, ನಾಯಿ ಬೆಕ್ಕು ನೋಡುವ ಸಾಮಾನ್ಯ ಪಶು ಪ್ರಯೋಗಾಲಯದಲ್ಲೂ ಮಲ ಪರೀಕ್ಷೆ ಮಾಡುತ್ತಾರೆ. ಎರಡು ಬಗೆಯ ಪರೀಕ್ಷೆ ಕೇಳಿ. ಒಂದು, ಮಲವನ್ನು ನೇರವಾಗಿ ಗಾಜಿನ ಮೇಲೆ ಸವರಿ ನೋಡುವುದು, ಇದರಲ್ಲಿ ಈಜಾಡುವ ಏಕಕೋಶ ಜೀವಿಗಳು ಕಾಣುತ್ತವೆ. ಇನ್ನೊಂದು, ಗಟ್ಟಿ ಉಪ್ಪಿನ ಅಥವಾ ಸಕ್ಕರೆಯ ದ್ರಾವಣದಲ್ಲಿ ಕದಡಿ ಮೊಟ್ಟೆಗಳನ್ನು ಮೇಲಕ್ಕೆ ತೇಲಿಸಿ ನೋಡುವುದು. ಒಂದನ್ನೇ ಮಾಡಿದರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ.

ಒಂದು ಸಲ ಏನೂ ಕಾಣಿಸಲಿಲ್ಲ ಅಂದ ಮಾತ್ರಕ್ಕೆ ಏನೂ ಇಲ್ಲ ಅಂತಲ್ಲ. ಹುಳುಗಳು ದಿನಾ ಒಂದೇ ಸಮ ಮೊಟ್ಟೆ ಹಾಕುವುದಿಲ್ಲ. ಆಮೆಗೆ ಲಕ್ಷಣ ಇದ್ದು ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ, ಬೇರೆ ಬೇರೆ ದಿನದ ಇನ್ನೂ ಒಂದೆರಡು ಮಾದರಿ ಕೊಡಿ.

ಮಾದರಿ ತೆಗೆಯುವುದು ಹೇಗೆ?

ಬೆಳಗ್ಗೆ ಆಮೆಯನ್ನು ಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ಬಿಡಿ, ಬಹಳಷ್ಟು ಆಮೆಗಳು ಅಲ್ಲೇ ಮಲ ಹಾಕುತ್ತವೆ. ನೀರಿನಿಂದ ತಕ್ಷಣ ಎತ್ತಿಕೊಳ್ಳಿ. ನೆಲದಿಂದ ತೆಗೆಯುವುದಾದರೆ ಮಣ್ಣು ಅಂಟದ ಒಳಭಾಗವನ್ನು ತೆಗೆಯಿರಿ, ಏಕೆಂದರೆ ಮಣ್ಣಿನಲ್ಲೇ ಬದುಕುವ ಪಾಪದ ಹುಳುಗಳೂ ಇರುತ್ತವೆ, ಅವು ಪರೀಕ್ಷೆಯನ್ನು ದಾರಿ ತಪ್ಪಿಸುತ್ತವೆ. ಒಂದು ಚಮಚದಷ್ಟು ಸಾಕು. ಮುಚ್ಚಳವಿರುವ ಡಬ್ಬಿ ಅಥವಾ ಜಿಪ್ ಚೀಲಕ್ಕೆ ಹಾಕಿ, ಒಣಗದಂತೆ ನೋಡಿಕೊಳ್ಳಿ.

ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಏಕಕೋಶ ಜೀವಿಗಳನ್ನು ನೋಡಬೇಕಾದರೆ ಕೆಲವೇ ಗಂಟೆಯೊಳಗೆ ತಲುಪಬೇಕು, ತಣ್ಣಗಾದರೆ ಅವು ಸತ್ತು ಗುರುತೇ ಸಿಗುವುದಿಲ್ಲ. ಹುಳುವಿನ ಮೊಟ್ಟೆ ಮಾತ್ರ ನೋಡುವುದಾದರೆ ಒಂದು ದಿನದ ಮಟ್ಟಿಗೆ ಫ್ರಿಜ್ಜಿನಲ್ಲಿ ಇಡಬಹುದು. ಫ್ರೀಜರ್ ಬೇಡ.

ಮನೆಯಲ್ಲೇ ಮೈಕ್ರೋಸ್ಕೋಪ್ ತಂದು ನೋಡಬಹುದಾ?

ನೋಡಬಹುದು, ಕಲಿಯುವ ಆಸೆ ಇದ್ದರೆ ಒಳ್ಳೆಯ ಹವ್ಯಾಸವೇ. ಪಿನ್‌ವರ್ಮ್ ಮೊಟ್ಟೆಯನ್ನು ಗುರುತಿಸುವುದು ನೂರು ಪಟ್ಟು ಹಿಗ್ಗಿಸಿದರೆ ಅಷ್ಟೇನೂ ಕಷ್ಟವಲ್ಲ. ಆದರೆ ಪರಾಗದ ಕಣ, ಗಾಳಿಯ ಗುಳ್ಳೆ, ಸಸ್ಯದ ಕೋಶ ಎಲ್ಲವೂ ಮೊಟ್ಟೆಯಂತೆಯೇ ಕಾಣುವ ಹಂತವೊಂದು ಎಲ್ಲರಿಗೂ ಬರುತ್ತದೆ. ಆ ಹಂತದಲ್ಲಿ ಚಿಕಿತ್ಸೆಯ ತೀರ್ಮಾನ ನೀವೇ ತೆಗೆದುಕೊಳ್ಳಬೇಡಿ.

ಸಾಮಾನ್ಯವಾಗಿ ಯಾವ ಔಷಧಿ ಕೊಡುತ್ತಾರೆ?

ಪಿನ್‌ವರ್ಮ್ ಮತ್ತು ದುಂಡುಹುಳುವಿಗೆ ಹೆಚ್ಚಾಗಿ ಬಳಸುವುದು ಫೆನ್‌ಬೆಂಡಜೋಲ್. ಇದೇ ಕುಟುಂಬದ ಆಕ್ಸ್‌ಫೆಂಡಜೋಲ್ ಅನ್ನೂ ಕೆಲವು ವೈದ್ಯರು ಕೊಡುತ್ತಾರೆ. ಇವು ಹುಳುವಿನ ಜೀವಕೋಶದ ಒಳಗಿನ ಚೌಕಟ್ಟನ್ನು ಕಟ್ಟಲು ಬಿಡುವುದಿಲ್ಲ, ಹುಳು ಆಹಾರ ಹೀರಲಾರದೆ ನಿಧಾನಕ್ಕೆ ಸಾಯುತ್ತದೆ. ನಿಧಾನಕ್ಕೆ ಅನ್ನುವುದನ್ನು ಗಮನಿಸಿ. ಹರ್ಮನ್ ಅನ್ನುವ ಜಾತಿಯ ನೆಲದ ಆಮೆಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಒಂದೇ ಡೋಸ್ ಫೆನ್‌ಬೆಂಡಜೋಲ್ ಕೊಟ್ಟ ಮೇಲೆ ಮಲದಲ್ಲಿ ಮೊಟ್ಟೆ ಪೂರ್ತಿ ನಿಲ್ಲಲು 31 ದಿನ ಹಿಡಿಯಿತು, ಆಕ್ಸ್‌ಫೆಂಡಜೋಲ್‌ಗೆ 12 ದಿನ. ಕೊಟ್ಟ ಮೂರನೇ ದಿನಕ್ಕೇ ಹುಳು ಇನ್ನೂ ಇದೆ ಅಂತ ಇನ್ನೊಂದು ಡೋಸ್ ಹಾಕುವವರು ಇದನ್ನು ನೆನಪಿಡಬೇಕು.

ಫೆನ್‌ಬೆಂಡಜೋಲ್ ತುಂಬ ಸುರಕ್ಷಿತ, ಎಷ್ಟು ಕೊಟ್ಟರೂ ಏನೂ ಆಗಲ್ಲ ಅನ್ನುವ ಮಾತು ಓಡಾಡುತ್ತಿದೆ. ನಾನು ಒಪ್ಪುವುದಿಲ್ಲ. ಅದೇ ಹರ್ಮನ್ ಜಾತಿಯ ಆಮೆಗಳಿಗೆ ಕಿಲೋಗೆ 50 ಮಿಲಿಗ್ರಾಂನಂತೆ ಐದೈದು ದಿನದ ಎರಡು ಸುತ್ತು ಕೊಟ್ಟು ನೋಡಿದಾಗ ರಕ್ತದ ಬಿಳಿಕಣಗಳು ಕುಸಿದಿದ್ದು 2005ರಲ್ಲೇ ಪ್ರಕಟವಾಗಿದೆ. ಮೂಳೆಮಜ್ಜೆಯಲ್ಲಿ ಬೇಗ ಬೇಗ ಹುಟ್ಟುವ ಕೋಶಗಳನ್ನೂ ಈ ಔಷಧಿ ತಟ್ಟುತ್ತದೆ. ಆರೋಗ್ಯವಾಗಿರುವ ಆಮೆ ತಡೆದುಕೊಳ್ಳುತ್ತದೆ. ಮೊದಲೇ ಸೋತು, ಬಾಯಿಹುಣ್ಣೋ ಶ್ವಾಸದ ಸೋಂಕೋ ಇರುವ ಆಮೆಗೆ ಬಿಳಿಕಣವೂ ಇಳಿದರೆ ಕಷ್ಟ. ಅದಕ್ಕೇ ಈಗ ಉದ್ದದ ಕೋರ್ಸಿಗಿಂತ ಒಂದು ಡೋಸ್ ಕೊಟ್ಟು, ಎರಡು ವಾರದ ನಂತರ ಇನ್ನೊಂದು ಕೊಡುವ ಕಡೆಗೆ ಅನೇಕ ವೈದ್ಯರು ವಾಲಿದ್ದಾರೆ.

ಫ್ಲ್ಯಾಜೆಲೇಟ್ ಮಿತಿಮೀರಿದರೆ ಮೆಟ್ರೊನಿಡಜೋಲ್ ಕೊಡುತ್ತಾರೆ. ಇದು ಜಾಸ್ತಿಯಾದರೆ ನರಗಳಿಗೆ ತೊಂದರೆ, ತಲೆ ವಾಲುವುದು, ತೂರಾಡುವುದು ಆಗುತ್ತದೆ. ಜೊತೆಗೆ ನಾರನ್ನು ಹುದುಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಇದನ್ನಂತೂ ವೈದ್ಯರು ತೂಕ ನೋಡಿ ಬರೆದುಕೊಡದೆ ಮುಟ್ಟಬೇಡಿ.

ಐವರ್ಮೆಕ್ಟಿನ್ ಯಾಕೆ ಬೇಡ? ಹಾವು, ಓತಿಗಳಿಗೆ ಕೊಡುತ್ತಾರಲ್ಲ?

ಕೊಡುತ್ತಾರೆ, ಅದೇ ಗೊಂದಲದಿಂದಲೇ ಆಮೆಗಳು ಸಾಯುತ್ತವೆ. ಆಮೆಗಳಲ್ಲಿ ಐವರ್ಮೆಕ್ಟಿನ್ ಮಿದುಳಿನ ತಡೆಯನ್ನು ದಾಟಿ ಒಳಗೆ ಹೋಗುತ್ತದೆ. ಮೊದಲು ಕಾಲು ಸೋಲುತ್ತದೆ, ಕತ್ತು ಜೋತುಬೀಳುತ್ತದೆ, ಆಮೇಲೆ ಉಸಿರಾಡುವ ಸ್ನಾಯುಗಳೂ ನಿಲ್ಲುತ್ತವೆ. 1983ರಲ್ಲೇ ಇದರ ಬಗ್ಗೆ ಅಧ್ಯಯನ ಪ್ರಕಟವಾಗಿ, ಬೇರೆ ಪ್ರಾಣಿಗಳಿಗೆ ಮಾಮೂಲಾಗಿ ಕೊಡುವ ಕಿಲೋಗೆ 0.2 ಮಿಲಿಗ್ರಾಂಗಿಂತ ಕಡಿಮೆಯಲ್ಲೂ ಆಮೆಗೆ ಲಕ್ವಾ ಹೊಡೆಯಬಹುದು ಅಂತ ಗೊತ್ತಾಯಿತು. ಇದಕ್ಕೆ ಪ್ರತ್ಯೌಷಧ ಇಲ್ಲ. ಆಸ್ಪತ್ರೆಯಲ್ಲಿ ಬೆಚ್ಚಗಿಟ್ಟು, ನೀರಿನಂಶ ಕೊಟ್ಟು, ಉಸಿರಾಟಕ್ಕೆ ಆಸರೆ ಕೊಟ್ಟು, ಔಷಧಿ ಮೈಯಿಂದ ಇಳಿಯುವವರೆಗೆ ಕಾಯಬೇಕು.

ಡೋಸ್ ಕಡಿಮೆ ಮಾಡಿ ಕೊಟ್ಟರೆ ಅಂತ ಕೇಳಬೇಡಿ. ಅದೇ ಕುಟುಂಬದ ಮಾಕ್ಸಿಡೆಕ್ಟಿನ್, ಸೆಲಾಮೆಕ್ಟಿನ್ ಮುಂತಾದ ಹೆಸರುಗಳಿಂದಲೂ ದೂರ ಇರಿ. ನಾಯಿಯ ಬೆನ್ನಿಗೆ ಹಚ್ಚುವ ಹನಿಗಳಲ್ಲಿ, ರಕ್ತ ಹೀರುವ ಉಣ್ಣಿಗೆ ಕೊಡುವ ಚುಚ್ಚುಮದ್ದಿನಲ್ಲಿ, ಹಾವಿನ ಮೈಮೇಲಿನ ನುಸಿಗೆ ಸಿಂಪಡಿಸುವ ನೀರಿನಲ್ಲಿ ಇವು ಇರುತ್ತವೆ. ಆಮೆ ಇರುವ ಕೋಣೆಯಲ್ಲಿ ಅಂತಹ ಸ್ಪ್ರೇ ಬಳಸುವುದೂ ಬೇಡ. ಯಾವುದೇ ಬಾಟಲಿಯ ಹೆಸರು ನೋಡಿ ಸಮಾಧಾನ ಪಡಬೇಡಿ, ಹಿಂದೆ ಚಿಕ್ಕ ಅಕ್ಷರದಲ್ಲಿ ಬರೆದಿರುವ ಘಟಕ ಓದಿ. ಕೆಲವು ಜಂತುಹುಳುವಿನ ಔಷಧಿಗಳಲ್ಲಿ ಎರಡು ಮೂರು ಘಟಕ ಸೇರಿಸಿರುತ್ತಾರೆ, ಅದರಲ್ಲಿ ಒಂದು ಇದಾಗಿರಬಹುದು.

ಮನುಷ್ಯರ ಹುಳುವಿನ ಮಾತ್ರೆ ಮನೆಯಲ್ಲೇ ಇದೆ. ಚೂರು ಮುರಿದು ಕೊಡಬಹುದಾ?

ಬೇಡ. ಅದು ಸಾಮಾನ್ಯವಾಗಿ ಅಲ್ಬೆಂಡಜೋಲ್. ಮೂಳೆಮಜ್ಜೆಗೆ ಪೆಟ್ಟು ಕೊಡುವುದರಲ್ಲಿ ಫೆನ್‌ಬೆಂಡಜೋಲ್‌ಗಿಂತ ಇದೇ ಮುಂದು. ಸಾಲದ್ದಕ್ಕೆ 400 ಮಿಲಿಗ್ರಾಂ ಮಾತ್ರೆಯನ್ನು ಅರ್ಧ ಕಿಲೋ ತೂಕದ ಪ್ರಾಣಿಗೆ ಕೈಯಲ್ಲಿ ಮುರಿದು ಕೊಡುವುದು ಅಳತೆಯೇ ಅಲ್ಲ. ಲೆವಮಿಸೋಲ್, ಪೈಪರಜೀನ್ ಅನ್ನುವ ಹುಳುವಿನ ಔಷಧಿಗಳೂ ಬೇಡ, ಲೆವಮಿಸೋಲ್‌ನಲ್ಲಂತೂ ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ಕಡಿಮೆ.

ಡೋಸ್ ಲೆಕ್ಕ ಹೇಗೆ? ಚಿಪ್ಪಿನ ತೂಕ ಕಳೆಯಬೇಕಾ?

ಕಳೆಯಬೇಡಿ. ಚಿಪ್ಪೂ ಜೀವಂತ ಮೂಳೆಯೇ, ಪುಸ್ತಕಗಳಲ್ಲಿ ಕೊಟ್ಟಿರುವ ಡೋಸ್ ಪೂರ್ತಿ ಮೈತೂಕಕ್ಕೆ. ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಬೆಳಗ್ಗೆ, ನೀರಿಗೆ ಬಿಡುವ ಮೊದಲು ತೂಗಿ. ಆಮೆಯ ಮೂತ್ರಚೀಲ ದೊಡ್ಡದು, ನೀರು ಕುಡಿದ ಮೇಲೆ ತೂಗಿದರೆ ಲೆಕ್ಕ ಏರುಪೇರಾಗುತ್ತದೆ. ಹಳೆಯ ತೂಕ ನೆನಪಿನಿಂದ ಹೇಳಬೇಡಿ, ಔಷಧಿ ಕೊಡುವ ದಿನವೇ ತೂಗಿ.

ತಪ್ಪು ಜಾಸ್ತಿ ಆಗುವುದು ಬಾಟಲಿಯ ಶೇಕಡಾವಾರು ಓದುವಾಗ. ಉದಾಹರಣೆಗೆ ನಿಮ್ಮ ಆಮೆ 800 ಗ್ರಾಂ, ವೈದ್ಯರು ಕಿಲೋಗೆ 50 ಮಿಲಿಗ್ರಾಂ ಅಂದಿದ್ದಾರೆ ಅಂದುಕೊಳ್ಳಿ. ಬೇಕಾದದ್ದು 40 ಮಿಲಿಗ್ರಾಂ. ಶೇಕಡಾ 10ರ ದ್ರವದಲ್ಲಿ ಒಂದು ಮಿಲಿಗೆ 100 ಮಿಲಿಗ್ರಾಂ ಇರುತ್ತದೆ, ಹಾಗಾಗಿ 0.4 ಮಿಲಿ. ಅದೇ ಶೇಕಡಾ 2.5ರ ದ್ರವ ಆದರೆ ಒಂದು ಮಿಲಿಗೆ 25 ಮಿಲಿಗ್ರಾಂ, ಹಾಗಾಗಿ 1.6 ಮಿಲಿ. ಒಬ್ಬರು ಹೇಳಿದ ಮಿಲಿ ಲೆಕ್ಕವನ್ನು ಇನ್ನೊಬ್ಬರು ತಮ್ಮ ಬಾಟಲಿಗೆ ಹಾಗೇ ಹಚ್ಚಿದರೆ ನಾಲ್ಕು ಪಟ್ಟು ಹೆಚ್ಚೋ ಕಡಿಮೆಯೋ ಆಗಿಬಿಡುತ್ತದೆ. ಮಿಲಿ ಎಷ್ಟು ಅಂತ ಕೇಳಬೇಡಿ, ಮಿಲಿಗ್ರಾಂ ಎಷ್ಟು ಅಂತ ಕೇಳಿ. ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿ, ಔಷಧಿ ತಳದಲ್ಲಿ ಕೂತಿರುತ್ತದೆ. ಸೂಜಿ ಇಲ್ಲದ 1 ಮಿಲಿ ಸಿರಿಂಜ್ ಬಳಸಿ, ಹನಿ ಲೆಕ್ಕ ಬೇಡ.

ಬಾಯಿ ತೆಗೆಯುವುದೇ ಇಲ್ಲ. ಔಷಧಿ ಕುಡಿಸುವುದು ಹೇಗೆ?

ಜಗಳ ಮಾಡಬೇಡಿ, ಆಮೆ ಗೆಲ್ಲುತ್ತದೆ. ಸುಲಭ ದಾರಿ ಅಂದರೆ ಊಟದಲ್ಲಿ ಸೇರಿಸುವುದು. ಬೆಳಗ್ಗೆ ಆಮೆ ಚೆನ್ನಾಗಿ ಬೆಚ್ಚಗಾಗಿ ಹಸಿದಿರುವಾಗ, ಅದಕ್ಕೆ ಅತಿ ಇಷ್ಟದ ಒಂದೇ ಒಂದು ಎಲೆಗೆ ಔಷಧಿ ಸವರಿ ಕೊಡಿ. ಅದು ಪೂರ್ತಿ ಹೊಟ್ಟೆಗೆ ಹೋದ ಮೇಲೆಯೇ ಉಳಿದ ಊಟ. ದೊಡ್ಡ ಸೊಪ್ಪಿನ ರಾಶಿಯ ಮೇಲೆ ಸುರಿದರೆ ಎಷ್ಟು ತಿಂದಿತು ಅಂತ ದೇವರಿಗೇ ಗೊತ್ತು. ಔಷಧಿಗೆ ಅಂತ ಒಂದು ಚೂರು ಹಣ್ಣು ಕೊಟ್ಟರೆ ತಪ್ಪೇನಿಲ್ಲ. ಕುಡಿಯುವ ನೀರಿಗೆ ಬೆರೆಸುವುದು ಮಾತ್ರ ವ್ಯರ್ಥ, ಫೆನ್‌ಬೆಂಡಜೋಲ್ ನೀರಲ್ಲಿ ಕರಗುವುದಿಲ್ಲ.

ತಿನ್ನುವುದನ್ನೇ ಬಿಟ್ಟಿರುವ ಆಮೆಗೆ ಸಿರಿಂಜಿನಲ್ಲಿ ಹಾಕಬೇಕಾಗುತ್ತದೆ. ಇದನ್ನು ಒಮ್ಮೆ ವೈದ್ಯರ ಎದುರೇ ಮಾಡಿ ಕಲಿಯಿರಿ. ಆಮೆಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ರಭಸವಾಗಿ ಒತ್ತಿದರೆ ಔಷಧಿ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಯಿಯ ಪಕ್ಕದಿಂದ, ನಿಧಾನಕ್ಕೆ, ಚೂರು ಚೂರೇ ಬಿಡಬೇಕು. ಕೊಕ್ಕನ್ನು ಲೋಹದ ಚಮಚದಿಂದ ಎಬ್ಬಿ ತೆಗೆಯುವವರಿದ್ದಾರೆ, ಕೊಕ್ಕು ಒಡೆಯುತ್ತದೆ. ಹೊಟ್ಟೆಗೆ ನಳಿಕೆ ಇಳಿಸುವ ವಿಡಿಯೊ ನೋಡಿ ಅದನ್ನು ಮನೆಯಲ್ಲಿ ಪ್ರಯತ್ನಿಸುವುದಂತೂ ಬೇಡವೇ ಬೇಡ.

ಕುಂಬಳದ ಬೀಜ, ಪಪ್ಪಾಯ ಬೀಜ, ಬೆಳ್ಳುಳ್ಳಿ? ಯಾವುದಾದರೂ ಕೆಲಸ ಮಾಡುತ್ತಾ?

ಆಮೆಯಲ್ಲಿ ಕೆಲಸ ಮಾಡುತ್ತವೆ ಅಂತ ನಂಬುವಂತಹ ಆಧಾರ ಇಲ್ಲ. ಕುಂಬಳದ ಬೀಜ ಅಲ್ಪಸ್ವಲ್ಪ ತಿಂದರೆ ಹಾನಿಯಿಲ್ಲ, ಆದರೆ ಅದನ್ನು ಚಿಕಿತ್ಸೆ ಅಂತ ನಂಬಿ ತಿಂಗಳು ಕಳೆದರೆ ಹಾನಿ. ಬೆಳ್ಳುಳ್ಳಿ ಬೇಡ. ಡಯಾಟಮ್ ಮಣ್ಣಿನ ಪುಡಿಯೂ ಬೇಡ, ಅದು ಒಣಗಿದ್ದಾಗ ಕೀಟದ ಮೈಮೇಲೆ ಕೆಲಸ ಮಾಡುವ ವಸ್ತು, ಒದ್ದೆ ಕರುಳಲ್ಲಿ ಏನೂ ಮಾಡುವುದಿಲ್ಲ, ಪುಡಿ ಮೂಗಿಗೆ ಹೋದರೆ ಶ್ವಾಸಕೋಶ ಕೆರಳುತ್ತದೆ. ಈ ಪಟ್ಟಿಯಲ್ಲಿ ನನಗೆ ನಿಜವಾಗಿ ಉಪಯೋಗ ಅನ್ನಿಸುವ ಮನೆಮದ್ದು ನಾರಿನ ಆಹಾರ ಒಂದೇ.

ಚಿಕಿತ್ಸೆಯ ದಿನಗಳಲ್ಲಿ ಏನು ನೋಡಿಕೊಳ್ಳಬೇಕು?

ಶಾಖ ಮತ್ತು ನೀರು. ಆಮೆಗೆ ತನ್ನದೇ ಮೈಶಾಖ ಇಲ್ಲ, ಸುತ್ತಲಿನ ಶಾಖದಿಂದಲೇ ಅದರ ಕರುಳು, ಯಕೃತ್ತು, ರೋಗನಿರೋಧಕ ಶಕ್ತಿ ಎಲ್ಲ ನಡೆಯುವುದು. ತಣ್ಣಗಿರುವ ಆಮೆಗೆ ಔಷಧಿ ಕೊಟ್ಟರೆ ಅದು ಹೊಟ್ಟೆಯಲ್ಲಿ ಸುಮ್ಮನೆ ಕೂರುತ್ತದೆ. ದೀಪದ ಕೆಳಗೆ ನಿಮ್ಮ ಆಮೆಯ ಜಾತಿಗೆ ಬೇಕಾದ ಶಾಖ ಇದೆಯಾ ಅಂತ ಥರ್ಮಾಮೀಟರ್ ಇಟ್ಟು ನೋಡಿ, ಕೈಯಿಂದ ಮುಟ್ಟಿ ಹೇಳಬೇಡಿ. ಬಹಳಷ್ಟು ಜಾತಿಗಳಿಗೆ ಮೈ ಕಾಯಿಸುವ ಜಾಗ 30ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು, ತಂಪಾದ ಮೂಲೆಯೂ ಒಂದಿರಬೇಕು.

ದಿನಾ ಕಾಲು ಗಂಟೆ ಬೆಚ್ಚಗಿನ ನೀರಿನಲ್ಲಿ ಬಿಡಿ. ನೀರು ಗದ್ದದ ಮಟ್ಟಕ್ಕಿಂತ ಮೇಲೆ ಬರಬಾರದು. ಇದರಿಂದ ಆಮೆ ನೀರು ಕುಡಿಯುತ್ತದೆ, ಮಲವೂ ಸಲೀಸಾಗಿ ಹೋಗುತ್ತದೆ, ಹೋಗಿದ್ದೆಲ್ಲ ಮಣ್ಣಿಗೆ ಬೀಳದೆ ನೀರಲ್ಲೇ ಸಿಗುತ್ತದೆ. ಮೂರನೆಯದೇ ನನಗೆ ಮುಖ್ಯ. ಆ ನೀರನ್ನು ಟಾಯ್ಲೆಟ್ಟಿಗೆ ಸುರಿಯಿರಿ, ಅಡುಗೆಮನೆಯ ಸಿಂಕಿಗೆ ಬೇಡ, ಗಿಡಕ್ಕೂ ಬೇಡ. ನೀರಿನಂಶ ಇಲ್ಲದೆ ಕಣ್ಣು ಗುಳಿಬಿದ್ದಿರುವ ಆಮೆಗೆ ಮೊದಲು ಕೆಲವು ದಿನ ಬರೀ ನೀರು ಮತ್ತು ಶಾಖ, ಔಷಧಿ ಆಮೇಲೆ.

ಔಷಧಿ ಕೊಟ್ಟಾಯಿತು. ಹುಳುವೇ ಬೀಳಲಿಲ್ಲ, ಯಾಕೆ?

ಸಣ್ಣ ಪಿನ್‌ವರ್ಮ್‌ಗಳು ಕರುಳಲ್ಲೇ ಜೀರ್ಣವಾಗಿ ಹೋಗಬಹುದು, ಕಣ್ಣಿಗೆ ಬೀಳದಿರಬಹುದು. ಆಮೆಯ ಹೊಟ್ಟೆಗೆ ಹೋದದ್ದು ಹೊರಗೆ ಬರಲು ಒಂದರಿಂದ ಮೂರು ವಾರವೂ ಹಿಡಿಯುತ್ತದೆ. ಹುಳು ಬೀಳದಿರುವುದು ಸೋಲಲ್ಲ, ಬೀಳುವುದು ಗೆಲುವೂ ಅಲ್ಲ. ಕೊನೆಯ ಡೋಸ್ ಆಗಿ ಮೂರು ನಾಲ್ಕು ವಾರದ ನಂತರ ಮಲ ಪರೀಕ್ಷೆ ಮಾಡಿಸಿ, ಉತ್ತರ ಅಲ್ಲಿದೆ.

ದುಂಡುಹುಳು ತುಂಬ ಇದ್ದ ಆಮೆಯನ್ನು ಮಾತ್ರ ಹೆಚ್ಚು ಗಮನಿಸಿ. ಸತ್ತ ಹುಳುಗಳ ಗಂಟು ಕರುಳಲ್ಲಿ ಸಿಕ್ಕಿಕೊಳ್ಳಬಹುದು. ಮಲ ಹಾಕಲು ತಿಣುಕುವುದು, ಹಿಂಗಾಲು ಒದೆಯುತ್ತಾ ನರಳುವುದು, ಊಟ ಪೂರ್ತಿ ನಿಲ್ಲುವುದು ಕಂಡರೆ ಆಸ್ಪತ್ರೆಗೆ ಹೋಗಿ.

ಚಳಿಗಾಲದ ನಿದ್ದೆಗೆ ಮೊದಲು ಕೊಡಬಹುದಾ? ಮರಿಗಳಿಗೆ?

ನಿದ್ದೆಗೆ ಇನ್ನೇನು ಎರಡು ವಾರ ಇದೆ ಅನ್ನುವಾಗ ಬೇಡ. ಔಷಧಿ ಮತ್ತು ಸತ್ತ ಹುಳು ಎರಡೂ ಮೈಯಿಂದ ಹೊರಗೆ ಹೋಗಲು, ಬಿಳಿಕಣ ಸುಧಾರಿಸಲು ಸಮಯ ಬೇಕು. ಕನಿಷ್ಠ ಆರರಿಂದ ಎಂಟು ವಾರ ಮೊದಲೇ ಪರೀಕ್ಷೆ, ಚಿಕಿತ್ಸೆ ಮುಗಿದಿರಲಿ. ತಡವಾಯಿತಾ, ಆ ವರ್ಷ ಮಲಗಿಸಬೇಡಿ, ಬೆಚ್ಚಗೆ ಎಚ್ಚರವಾಗಿಯೇ ಇಡಿ.

ಮರಿಗಳಿಗೆ, ಮೊಟ್ಟೆ ಹೊತ್ತಿರುವ ಹೆಣ್ಣಿಗೆ ಮನೆಯಲ್ಲಿ ಏನೂ ಕೊಡಬೇಡಿ. 40 ಗ್ರಾಂ ಮರಿಗೆ ಒಂದು ಹನಿ ಆಚೀಚೆ ಆದರೂ ಅದು ದೊಡ್ಡ ಡೋಸೇ.

ಆಮೆ ಇರುವ ಜಾಗವನ್ನು ಹೇಗೆ ತೊಳೆಯಬೇಕು?

ಇಲ್ಲಿ ಸೋಮಾರಿತನ ಮಾಡಿದರೆ ಮೇಲಿನದ್ದೆಲ್ಲ ದಂಡ. ಪಿನ್‌ವರ್ಮ್ ಮತ್ತು ದುಂಡುಹುಳುವಿನ ಮೊಟ್ಟೆಗೆ ಗಟ್ಟಿ ಕವಚ ಇದೆ, ಮಾಮೂಲು ಫಿನಾಯಿಲ್, ಬ್ಲೀಚ್ ಅದಕ್ಕೆ ನಾಟುವುದಿಲ್ಲ. ಅವುಗಳನ್ನು ಕೊಲ್ಲುವುದು ಬಿಸಿ. ಕುದಿಯುವ ನೀರು ಅಥವಾ ಹಬೆ. ಆಮೆಯನ್ನು ಬೇರೆ ಕಡೆ ಇಟ್ಟು, ಪೆಟ್ಟಿಗೆಯ ಹಳೆಯ ಹಾಸನ್ನು ಪೂರ್ತಿ ಎಸೆದು, ಸೋಪು ಹಾಕಿ ಉಜ್ಜಿ, ಆಮೇಲೆ ಮೂಲೆ ಮೂಲೆಗೂ ಬಿಸಿನೀರು ಹೊಯ್ದು, ಬಿಸಿಲಲ್ಲಿ ಒಣಗಿಸಿ. ತೊಳೆಯಲಾಗದ ಮರದ ತುಂಡು, ತೊಗಟೆ ಇದ್ದರೆ ಬಿಸಾಡಿ. ಬ್ಲೀಚನ್ನು ಅಮೋನಿಯ ಇರುವ ಯಾವುದರ ಜೊತೆಗೂ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ.

ಚಿಕಿತ್ಸೆ ಮುಗಿಯುವವರೆಗೆ ಹಾಸಿಗೆ ಮಣ್ಣು ಬೇಡ, ಹಳೆಯ ಪೇಪರ್ ಹಾಸಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಮಲ ಬಿದ್ದದ್ದು ತಕ್ಷಣ ಕಾಣುತ್ತದೆ, ಸುತ್ತಿ ಎಸೆಯುವುದೂ ಸುಲಭ. ಮೊಟ್ಟೆಗಳು ಸೋಂಕು ಹರಡುವ ಹಂತಕ್ಕೆ ಬೆಳೆಯಲು ಸ್ವಲ್ಪ ಕಾಲ ಬೇಕು. ನೀವು ದಿನಾ ಮಲ ತೆಗೆದರೆ ಅವಕ್ಕೆ ಆ ಕಾಲ ಸಿಗುವುದೇ ಇಲ್ಲ. ಅಂಗಳದಲ್ಲಿ ಇರುವ ಆಮೆಯಾದರೆ ಅದು ಹೆಚ್ಚಾಗಿ ಇರುವ ಜಾಗದ ಮೇಲ್ಮಣ್ಣನ್ನು ಒಂದು ಗೇಣಿನಷ್ಟು ತೆಗೆದು ಹೊಸದು ಹಾಕಿ, ಸಾಧ್ಯವಾದರೆ ಕೆಲವು ತಿಂಗಳು ಬೇರೆ ಕಡೆ ಬಿಡಿ. ಊಟ ಯಾವತ್ತೂ ನೆಲದ ಮೇಲೆ ಬೇಡ, ಚಪ್ಪಟೆ ಕಲ್ಲಿನ ಮೇಲೆ ಕೊಟ್ಟು ದಿನಾ ತೊಳೆಯಿರಿ.

ಪ್ರತಿ ಸಲ ಔಷಧಿ ಕೊಡುತ್ತೇನೆ, ಮೂರು ತಿಂಗಳಿಗೆ ಮತ್ತೆ ಬರುತ್ತದೆ. ಔಷಧಿ ಬದಲಿಸಬೇಕಾ?

ಬಹುಶಃ ಔಷಧಿ ಸರಿಯಾಗಿಯೇ ಇದೆ, ಮಣ್ಣು ಸರಿಯಿಲ್ಲ. ಮೇಲಿನ ಉತ್ತರ ಇನ್ನೊಮ್ಮೆ ಓದಿ. ಜಾಗ ಚಿಕ್ಕದಾ, ಆಮೆಗಳು ಜಾಸ್ತಿಯಾ, ಶಾಖ ಕಡಿಮೆಯಾ ಅಂತಲೂ ನೋಡಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ, ಮತ್ತೆ ಬಂದದ್ದು ಎಷ್ಟು? ವರದಿಯಲ್ಲಿ ಅಲ್ಲೊಂದು ಇಲ್ಲೊಂದು ಪಿನ್‌ವರ್ಮ್ ಮೊಟ್ಟೆ ಇದೆ, ಆಮೆ ತಿಂದುಂಡು ಬೆಳೆಯುತ್ತಿದೆ ಅಂದರೆ ಅದಕ್ಕೆ ಚಿಕಿತ್ಸೆಯೇ ಬೇಕಾಗಿಲ್ಲ.

ಮನೆಯಲ್ಲಿ ಇನ್ನೂ ಆಮೆಗಳಿವೆ. ಎಲ್ಲಕ್ಕೂ ಕೊಡಬೇಕಾ?

ಒಂದೇ ಜಾಗದಲ್ಲಿ ಇರುವ ಎಲ್ಲವನ್ನೂ ಪರೀಕ್ಷೆ ಮಾಡಿಸಿ, ಒಂದಕ್ಕೆ ದುಂಡುಹುಳು ಇದ್ದರೆ ಉಳಿದವಕ್ಕೂ ಇರುವ ಸಾಧ್ಯತೆ ಜಾಸ್ತಿ. ಹೊಸ ಆಮೆ ತಂದರೆ ಕನಿಷ್ಠ ಮೂರು ತಿಂಗಳು ಬೇರೆ ಕೋಣೆಯಲ್ಲಿ, ಬೇರೆ ಪಾತ್ರೆ, ಬೇರೆ ಟಬ್. ದಿನದ ಕೆಲಸ ಹಳೆಯ ಆಮೆಗಳಿಂದ ಶುರು ಮಾಡಿ ಹೊಸದರಲ್ಲಿ ಮುಗಿಸಿ. ಬೇರೆ ಜಾತಿಯ ಆಮೆಗಳನ್ನು ಒಟ್ಟಿಗೆ ಇಡುವುದು ನನಗೆ ಇಷ್ಟವಿಲ್ಲ, ಒಂದಕ್ಕೆ ಏನೂ ಮಾಡದ ಜೀವಿ ಇನ್ನೊಂದನ್ನು ಮಲಗಿಸಬಹುದು. ಆಮೆ ಯಾವ ಲಕ್ಷಣವೂ ಇಲ್ಲದೆ ಹೊತ್ತಿರುವ ಒಂದು ಬಗೆಯ ಅಮೀಬಾ ಹಾವು ಮತ್ತು ಹಲ್ಲಿ ಜಾತಿಗಳಿಗೆ ಮಾರಕ, ಅವನ್ನೂ ಸಾಕಿದ್ದರೆ ಎಲ್ಲ ಪಾತ್ರೆ ಪಗಡೆ ಬೇರೆ ಇರಲಿ.

ನಮಗೆ, ಮಕ್ಕಳಿಗೆ, ನಾಯಿಗೆ ಅಂಟುತ್ತದಾ?

ಆಮೆಯ ಪಿನ್‌ವರ್ಮ್ ಮನುಷ್ಯರಿಗೆ ಬರುವುದಿಲ್ಲ, ಮಕ್ಕಳಿಗೆ ಬರುವುದು ಬೇರೆಯೇ ಜಾತಿಯ ಹುಳು. ಹೆದರಬೇಕಾದದ್ದು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗೆ. ಆರೋಗ್ಯವಾಗಿ ಕಾಣುವ ಆಮೆಯಲ್ಲೂ ಅದು ಇರಬಹುದು. ಆಮೆ ಮುಟ್ಟಿದ ಮೇಲೆ, ಮಲ ತೆಗೆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಈ ಕೆಲಸಕ್ಕೆ ಕೈಹಾಕದಿದ್ದರೆ ಒಳ್ಳೆಯದು. ನಾಯಿ ಆಮೆಯ ಮಲ ತಿಂದರೆ ಹುಳುವಿನ ಮೊಟ್ಟೆ ಹಾಗೇ ಹಾದುಹೋಗುತ್ತದೆ, ಆದರೂ ಸಾಲ್ಮೊನೆಲ್ಲಾ ಕಾರಣಕ್ಕೆ ತಿನ್ನಲು ಬಿಡಬೇಡಿ.

ಯಾವಾಗ ಮನೆ ಚಿಕಿತ್ಸೆ ಬಿಟ್ಟು ಓಡಬೇಕು?

ಮಲದಲ್ಲಿ ರಕ್ತ, ಗುದದ್ವಾರದಿಂದ ಕೆಂಪು ಮಾಂಸ ಹೊರಗೆ ಬಂದಿರುವುದು, ಬಾಯಿ ತೆರೆದು ಉಸಿರಾಡುವುದು, ಕಾಲು ಎಳೆಯುವುದು, ಸರಿಯಾದ ಶಾಖದಲ್ಲಿದ್ದೂ ಒಂದು ವಾರ ಏನೂ ತಿನ್ನದಿರುವುದು, ಬಾಯಿಂದ ಹುಳು ಬರುವುದು. ಇವುಗಳಲ್ಲಿ ಯಾವುದೇ ಒಂದಾದರೂ ಸಾಕು. ಹೊರಗೆ ಬಂದ ಮಾಂಸವನ್ನು ಒಳಗೆ ತಳ್ಳಲು ಹೋಗಬೇಡಿ, ಶುದ್ಧ ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಒದ್ದೆಯಾಗಿಟ್ಟು ಕರೆದುಕೊಂಡು ಹೋಗಿ.

ವರ್ಷಕ್ಕೆ ಎರಡು ಸಲ ಸುಮ್ನೆ ಹುಳುವಿನ ಔಷಧಿ ಕೊಡುವ ಪದ್ಧತಿ ಸರಿಯಾ?

ವರ್ಷಕ್ಕೆ ಎರಡು ಸಲ ಮಲ ಪರೀಕ್ಷೆ ಮಾಡಿಸುವುದು ಸರಿ. ಔಷಧಿ ವರದಿ ನೋಡಿಕೊಂಡು. ಜೊತೆಗೆ ಒಂದು ಪುಸ್ತಕದಲ್ಲಿ ತಿಂಗಳಿಗೊಮ್ಮೆ ತೂಕ, ಕೊಟ್ಟ ಔಷಧಿಯ ಹೆಸರು, ಶೇಕಡಾವಾರು, ಮಿಲಿಗ್ರಾಂ, ದಿನಾಂಕ ಬರೆದಿಡಿ. ಹೊಸ ವೈದ್ಯರ ಹತ್ತಿರ ಹೋದಾಗ ಅವರು ಮೊದಲು ಕೇಳುವುದು ಇದನ್ನೇ.